ದಂತ ಚಿಕಿತ್ಸೆಯಲ್ಲಿ ಡಿಜಿಟಲ್ ತಂತ್ರಜ್ಞಾನ: ಸಂಪಿಗೆ ರಸ್ತೆಯ ನಾಗರಿಕರಿಗೆ ದೊರೆಯುವುದೇನು?

ಬೆಂಗಳೂರು ನಗರದಲ್ಲಿ 1898ರ ಪ್ಲೇಗ್ ಮಹಾಮಾರಿಯ ತರುವಾಯ ಗಾಳಿ ಬೆಳಕುಗಳಿಗೆ ಅವಕಾಶವಿರುವಂತೆ ರೂಪುಗೊಂಡ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದು. ಇಲ್ಲಿನ ಸಂಪಿಗೆ ರಸ್ತೆಯು ಬಡಾವಣೆಯ ಪ್ರಮುಖ ವಾಣಿಜ್ಯ ಮಾರ್ಗವಾಗಿದ್ದು, ಅಂಗಡಿ ಮಳಿಗೆಗಳ ನಡುವೆ ಹಾಗೂ ಅಡ್ಡರಸ್ತೆಗಳಲ್ಲಿ ಖಾಸಗಿ ದಂತ ಚಿಕಿತ್ಸಾಲಯಗಳು ಕಾರ್ಯನಿರ್ವಹಿಸುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ನಗರದ ಇಂತಹ ಚಿಕಿತ್ಸಾಲಯಗಳ ನಾಮಫಲಕಗಳ ಮೇಲೆ ವೈದ್ಯರ ವಿದ್ಯಾರ್ಹತೆಯ ಜೊತೆಗೆ ಉಪಕರಣಗಳ ಹೆಸರುಗಳೂ ಸ್ಥಾನ ಪಡೆದಿವೆ: ಡಿಜಿಟಲ್ ಎಕ್ಸ್-ರೇ, ತ್ರೀ-ಡಿ ಸ್ಕ್ಯಾನ್, ಒಂದೇ ದಿನದಲ್ಲಿ ಕ್ಯಾಪ್. ಹಲ್ಲುನೋವಿನಿಂದ ಬಂದ ನಾಗರಿಕರು ಈ ಪದಗಳನ್ನು ಉತ್ತಮ ಚಿಕಿತ್ಸೆಯ ಖಾತರಿಯೆಂದು ಭಾವಿಸುವುದು ಸಹಜ. ಆದರೆ ಸದರಿ ಉಪಕರಣಗಳಿಂದ ವೈದ್ಯರಿಗೆ ಒದಗುವ ಅನುಕೂಲ ಬೇರೆ, ರೋಗಿಗೆ ಒದಗುವ ಅನುಕೂಲ ಬೇರೆ. ಚಿಕಿತ್ಸೆಯ ದಾಖಲೆಯು ರೋಗಿಯ ಜೊತೆಯಲ್ಲಿ ಒಂದು ಚಿಕಿತ್ಸಾಲಯದಿಂದ ಮತ್ತೊಂದಕ್ಕೆ ಹೋಗುವಂತಿದ್ದರೆ ಮಾತ್ರ ಡಿಜಿಟಲ್ ವ್ಯವಸ್ಥೆಯ ಪೂರ್ಣ ಪ್ರಯೋಜನ ನಾಗರಿಕರಿಗೆ ಲಭಿಸುತ್ತದೆ. ಈಗಿನ ಪರಿಸ್ಥಿತಿಯಲ್ಲಿ ಈ ಅಂಶಕ್ಕೆ ದೊರೆಯುತ್ತಿರುವ ಗಮನ ಅತ್ಯಲ್ಪ.

ಫಿಲ್ಮ್‌ನಿಂದ ಪರದೆಗೆ

1895ರ ನವೆಂಬರ್‌ನಲ್ಲಿ ರಾಂಟ್‌ಜನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರು ವರ್ಷದ ಜನವರಿಯಲ್ಲಿಯೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ಅವರು ತಮ್ಮ ಹಲ್ಲುಗಳ ಚಿತ್ರವನ್ನು ತೆಗೆಸಿಕೊಂಡರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಇರಬೇಕಾಯಿತು. ಇಂದು ಅದೇ ಕಾರ್ಯ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಮುಗಿಯುತ್ತದೆ. ಫ್ರಾನ್ಸ್ ದೇಶದ ಫ್ರಾನ್ಸಿಸ್ ಮುಯೆನ್ ಅವರು ರೂಪಿಸಿದ, ಫಿಲ್ಮ್ ಬದಲು ಸಂವೇದಕವನ್ನು ಬಳಸುವ ಉಪಕರಣವು 1987ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ಇಟ್ಟ ರೇಡಿಯೋವಿಸಿಯೋಗ್ರಫಿ ಎಂಬ ಹೆಸರಿನ ಸಂಕ್ಷಿಪ್ತ ರೂಪವೇ ಆರ್.ವಿ.ಜಿ. ತಯಾರಕರು ಯಾರೇ ಆಗಿರಲಿ, ನಮ್ಮ ಚಿಕಿತ್ಸಾಲಯಗಳಲ್ಲಿ ಹಲ್ಲಿನ ಸಣ್ಣ ಡಿಜಿಟಲ್ ಎಕ್ಸ್-ರೇಯನ್ನು ಇಂದಿಗೂ ಆರ್.ವಿ.ಜಿ. ಎಂದೇ ಕರೆಯಲಾಗುತ್ತಿದೆ.

ಕ್ಯಾಪ್ ತಯಾರಿಕೆಯಲ್ಲಿಯೂ ಇದೇ ಕಾಲಘಟ್ಟದಲ್ಲಿ ಬದಲಾವಣೆ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 1985ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಹಲ್ಲಿನ ಚಿತ್ರವನ್ನು ಕ್ಯಾಮೆರಾದಿಂದ ಪಡೆದು, ಗಣಕಯಂತ್ರದ ನೆರವಿನಿಂದ ಸೆರಾಮಿಕ್ ತುಂಡನ್ನು ಕೊರೆದು, ಅದೇ ಭೇಟಿಯಲ್ಲಿ ಅಳವಡಿಸಲಾಯಿತು. ಮೂರು ಆಯಾಮದ ಚಿತ್ರ ನೀಡುವ ಕೋನ್ ಬೀಮ್ ಸ್ಕ್ಯಾನ್ ಯಂತ್ರಗಳು ದಂತ ವೈದ್ಯಕ್ಕೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಹೀಗಾಗಿ, ನಾಮಫಲಕಗಳಲ್ಲಿ ಹೊಸದೆಂದು ಸಾರಲಾಗುವ ಈ ತಂತ್ರಜ್ಞಾನದ ಬಹುಭಾಗಕ್ಕೆ ಕಾಲು ಶತಮಾನದಿಂದ ನಾಲ್ಕು ದಶಕಗಳಷ್ಟು ವಯಸ್ಸಾಗಿದೆ. ಹೊಸತಾಗಿರುವುದು ಇದರ ಬೆಲೆ ಇಳಿದು ಸಣ್ಣ ಚಿಕಿತ್ಸಾಲಯಗಳಿಗೂ ಎಟುಕುವಂತಾಗಿರುವುದು ಮಾತ್ರ.

ಚಿತ್ರದ ಪ್ರತಿ ಯಾರ ಬಳಿ ಇರಬೇಕು?

ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ ಬೆರಳಗಲದ ಎಕ್ಸ್-ರೇ ತುಣುಕನ್ನು ಸಣ್ಣ ಲಕೋಟೆಯಲ್ಲಿ ಹಾಕಿ ರೋಗಿಯ ಕೈಗೆ ನೀಡುವ ಪದ್ಧತಿಯಿತ್ತು. ಲಕೋಟೆ ಮನೆಯ ಬೀರುವಿನಲ್ಲಿ ಉಳಿಯುತ್ತಿತ್ತು. ತುಣುಕು ಮಾಸುತ್ತಿತ್ತು, ಕೆಲವೊಮ್ಮೆ ಕಳೆದುಹೋಗುತ್ತಿತ್ತು, ಆದರೂ ಅದು ರೋಗಿಯ ವಶದಲ್ಲಿರುತ್ತಿತ್ತು. ಡಿಜಿಟಲ್ ಪದ್ಧತಿಯಲ್ಲಿ ಚಿತ್ರವು ಪರದೆಯ ಮೇಲೆ ಮೂಡಿ, ವೈದ್ಯರು ಅದನ್ನು ತೋರಿಸಿ ವಿವರಿಸಿದ ನಂತರ ಚಿಕಿತ್ಸಾಲಯದ ಗಣಕಯಂತ್ರದಲ್ಲಿಯೇ ಉಳಿದುಬಿಡುತ್ತದೆ. ರೋಗಿಯು ಬರಿಗೈಯಲ್ಲಿ ಮನೆಗೆ ಮರಳುತ್ತಾರೆ. ತಂತ್ರಜ್ಞಾನ ಮುಂದುವರಿದಂತೆ ದಾಖಲೆಯು ರೋಗಿಯಿಂದ ದೂರ ಸರಿದಿರುವುದು ಈ ಬದಲಾವಣೆಯ ವಿಪರ್ಯಾಸ.

ಇದರ ಪರಿಣಾಮ ತಕ್ಷಣಕ್ಕೆ ತಿಳಿಯುವುದಿಲ್ಲ. ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿಸಿಕೊಂಡ ಹಲ್ಲು ಐದಾರು ವರ್ಷಗಳ ನಂತರ ಮತ್ತೆ ನೋಯಲಾರಂಭಿಸಿದಾಗ ತಿಳಿಯುತ್ತದೆ. ಬೇರಿನ ತುದಿಯಲ್ಲಿ ಕಾಣುವ ಕಪ್ಪು ಗುರುತು ಹಳೆಯದೋ ಹೊಸದೋ, ಹಿಗ್ಗುತ್ತಿದೆಯೋ ಮಾಯುತ್ತಿದೆಯೋ ಎಂಬುದನ್ನು ಹಿಂದಿನ ಚಿತ್ರದೊಂದಿಗೆ ಹೋಲಿಸಿಯೇ ನಿರ್ಧರಿಸಬೇಕಾಗುತ್ತದೆ. ಹಿಂದಿನ ಚಿತ್ರ ಲಭ್ಯವಿಲ್ಲದಿದ್ದಲ್ಲಿ ವೈದ್ಯರು ಕಾದು ನೋಡುವ ಬದಲು ಚಿಕಿತ್ಸೆಯನ್ನು ಪುನಃ ಆರಂಭಿಸಲು ಅಥವಾ ಹಲ್ಲನ್ನು ಕೀಳಲು ಸಲಹೆ ನೀಡುವ ಸಂದರ್ಭ ಒದಗಬಹುದು. ಉಳಿಸಿಕೊಳ್ಳಬಹುದಾಗಿದ್ದ ಹಲ್ಲು ಒಂದು ಕಡತದ ಅಭಾವದಿಂದ ಕಳೆದುಹೋಗುವುದು ಸಾಮಾನ್ಯ ನಷ್ಟವಲ್ಲ.

ಭಾರತೀಯ ದಂತ ವೈದ್ಯ ಪರಿಷತ್ತು 2014ರಲ್ಲಿ ಹೊರಡಿಸಿದ ದಂತವೈದ್ಯರ ಪರಿಷ್ಕೃತ ನೀತಿ ಸಂಹಿತೆಯ ವಿನಿಯಮಗಳ ಪ್ರಕಾರ, ದಂತವೈದ್ಯರು ರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ ಕನಿಷ್ಠ 3 ವರ್ಷಗಳ ಕಾಲ ಕಾಯ್ದಿರಿಸತಕ್ಕದ್ದು. ಇಲ್ಲಿ ಗಮನಿಸಬೇಕಾದುದು ಕನಿಷ್ಠ ಎಂಬ ಪದ. ಒಂದು ಕ್ಯಾಪ್ ಹತ್ತು ವರ್ಷಗಳಿಗೂ ಮೀರಿ ಬಾಳುವ ಸಂಭವವಿದ್ದು, ಅದರ ದಾಖಲೆಯು ಅಷ್ಟು ಕಾಲ ಚಿಕಿತ್ಸಾಲಯದಲ್ಲಿ ಉಳಿದಿರುತ್ತದೆಂದು ನಾಗರಿಕರು ಭಾವಿಸುವಂತಿಲ್ಲ. ಬಾಡಿಗೆ ಹೆಚ್ಚಳದಿಂದ ಚಿಕಿತ್ಸಾಲಯ ಸ್ಥಳಾಂತರಗೊಳ್ಳಬಹುದು, ವೈದ್ಯರು ನಿವೃತ್ತರಾಗಬಹುದು, ಗಣಕಯಂತ್ರದ ಡಿಸ್ಕ್ ಕೆಟ್ಟುಹೋಗಬಹುದು. ಆದ್ದರಿಂದ ಚಿತ್ರ ತೆಗೆದ ದಿನವೇ ಅದರ ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ಇದಕ್ಕೆ ಸಂಕೋಚ ಪಡುವ ಅಗತ್ಯವಿಲ್ಲ. ಇದು ವೈದ್ಯರ ಮೇಲಿನ ಅವಿಶ್ವಾಸದ ಸೂಚನೆಯೂ ಅಲ್ಲ.

ಪ್ರತಿಯನ್ನು ಪಡೆಯುವಾಗ ಅದರ ರೂಪದ ಬಗ್ಗೆಯೂ ಲಕ್ಷ್ಯವಿರಬೇಕು. ಪರದೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್ ಮೂಲಕ ಕಳುಹಿಸುವ ಅಭ್ಯಾಸವು ವ್ಯಾಪಕವಾಗಿದೆ. ಸದರಿ ಫೋಟೋದಲ್ಲಿ ಪರದೆಯ ಪ್ರತಿಫಲನ ಸೇರಿಕೊಂಡು ಸೂಕ್ಷ್ಮ ಛಾಯೆಗಳು ಅಳಿಸಿಹೋಗುವುದಲ್ಲದೆ, ಅದರಿಂದ ಅಳತೆ ತೆಗೆಯಲು ಸಾಧ್ಯವಾಗುವುದಿಲ್ಲ. ಮೂಲ ಕಡತವನ್ನೇ ಇ-ಮೇಲ್ ಅಥವಾ ಪೆನ್ ಡ್ರೈವ್ ಮೂಲಕ ಪಡೆಯಬೇಕು. ಮೂರು ಆಯಾಮದ ಸ್ಕ್ಯಾನ್ ಆಗಿದ್ದಲ್ಲಿ ಡೈಕಾಮ್ ಮಾದರಿಯಲ್ಲಿ ಪೂರ್ಣ ಕಡತವನ್ನು ಕೋರುವುದು ಅವಶ್ಯ. ಡೈಕಾಮ್ ಎಂಬುದು ಯಾವುದೇ ಕಂಪನಿಯ ತಂತ್ರಾಂಶದಲ್ಲಿ ತೆರೆಯಬಹುದಾದ, ಆಸ್ಪತ್ರೆಗಳಲ್ಲಿ ಎಲ್ಲೆಡೆ ಮಾನ್ಯವಾಗಿರುವ ಮಾದರಿ. ಕೇವಲ ಮುದ್ರಿತ ಹಾಳೆ ಅಥವಾ ಫಿಲ್ಮ್ ಪಡೆದಲ್ಲಿ, ಮುಂದಿನ ವೈದ್ಯರು ತಮಗೆ ಬೇಕಾದ ಕೋನದಿಂದ ಮೂಳೆಯನ್ನು ಪರಿಶೀಲಿಸಲಾಗದೆ ಮತ್ತೊಂದು ಸ್ಕ್ಯಾನ್‌ಗೆ ಬರೆದುಕೊಡುವ ಸಾಧ್ಯತೆಯಿದೆ. ಆಗ ವೆಚ್ಚವೂ ಎರಡು ಬಾರಿ, ವಿಕಿರಣವೂ ಎರಡು ಬಾರಿ.

ಚೀಟಿಯಲ್ಲಿ ಬರೆಯಲಾಗುವ ಹಲ್ಲಿನ ಸಂಖ್ಯೆಯನ್ನು ಓದಲು ತಿಳಿದಿರುವುದು ಸಹ ಉಪಯುಕ್ತ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎರಡು ಅಂಕಿಗಳ ಪದ್ಧತಿಯಲ್ಲಿ ಮೊದಲ ಅಂಕಿಯು ಬಾಯಿಯ ಭಾಗವನ್ನು ಸೂಚಿಸುತ್ತದೆ: ರೋಗಿಯ ಮೇಲಿನ ಬಲಭಾಗ 1, ಮೇಲಿನ ಎಡಭಾಗ 2, ಕೆಳಗಿನ ಎಡಭಾಗ 3, ಕೆಳಗಿನ ಬಲಭಾಗ 4. ಎರಡನೆಯ ಅಂಕಿಯನ್ನು ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಎಣಿಸಲಾಗುತ್ತದೆ. ಅದರಂತೆ 36 ಎಂದರೆ ಕೆಳಗಿನ ಎಡಭಾಗದ ಮೊದಲ ದೊಡ್ಡ ದವಡೆ ಹಲ್ಲು. ಕಡತದ ಹೆಸರಿನಲ್ಲಿ ದಿನಾಂಕ ಹಾಗೂ ಈ ಸಂಖ್ಯೆ ಇದ್ದಲ್ಲಿ ಹತ್ತು ವರ್ಷಗಳ ನಂತರವೂ ಅದು ಯಾವ ಹಲ್ಲಿನ ಚಿತ್ರವೆಂದು ಗುರುತಿಸಬಹುದು. ವೈದ್ಯಕೀಯ ವೆಚ್ಚದ ಮರುಪಾವತಿಗಾಗಿ ಅರ್ಜಿ ಸಲ್ಲಿಸುವ ನೌಕರರು ಚಿಕಿತ್ಸೆಯ ಮೊದಲಿನ ಹಾಗೂ ನಂತರದ ಚಿತ್ರಗಳೆರಡನ್ನೂ ಬಿಲ್ಲುಗಳ ಜೊತೆಯಲ್ಲಿ ಇರಿಸಿಕೊಳ್ಳುವುದು ಒಳಿತು.

ವಿಕಿರಣ ಮತ್ತು ಶುಚಿತ್ವ

ಹಲ್ಲಿನ ಒಂದು ಸಣ್ಣ ಡಿಜಿಟಲ್ ಎಕ್ಸ್-ರೇಯಿಂದ ದೇಹಕ್ಕೆ ತಗಲುವ ವಿಕಿರಣವು ಕೆಲವೇ ಮೈಕ್ರೋಸೀವರ್ಟ್‌ಗಳಷ್ಟು. ಭೂಮಿ, ಗಾಳಿ ಮತ್ತು ಆಕಾಶದಿಂದ ಸಹಜವಾಗಿಯೇ ಪ್ರತಿಯೊಬ್ಬ ಮನುಷ್ಯನಿಗೆ ವರ್ಷಕ್ಕೆ ತಗಲುವ ಪ್ರಮಾಣದ ಜಾಗತಿಕ ಸರಾಸರಿ ಸುಮಾರು 2,400 ಮೈಕ್ರೋಸೀವರ್ಟ್. ಆದ್ದರಿಂದ ವೈದ್ಯರು ಅಗತ್ಯವೆಂದು ಸೂಚಿಸಿದ ಎಕ್ಸ್-ರೇಯನ್ನು ಭಯದಿಂದ ನಿರಾಕರಿಸುವುದು ಸರಿಯಲ್ಲ. ಆದರೆ ಕೋನ್ ಬೀಮ್ ಸ್ಕ್ಯಾನ್‌ನ ಲೆಕ್ಕ ಬೇರೆ. ಯಂತ್ರ ಹಾಗೂ ಚಿತ್ರಿಸುವ ಭಾಗದ ವಿಸ್ತಾರವನ್ನು ಅವಲಂಬಿಸಿ ಅದರ ಪ್ರಮಾಣವು ಹತ್ತಾರು ಮೈಕ್ರೋಸೀವರ್ಟ್‌ಗಳಿಂದ ನೂರಾರು ಮೈಕ್ರೋಸೀವರ್ಟ್‌ಗಳವರೆಗೆ ಏರಬಹುದು. ಇಂಪ್ಲಾಂಟ್ ಅಳವಡಿಕೆಗೆ ಮುನ್ನ, ಅಥವಾ ಬುದ್ಧಿಹಲ್ಲಿನ ಬೇರು ದವಡೆಯ ನರಕ್ಕೆ ತೀರ ಸಮೀಪದಲ್ಲಿರುವ ಸಂದರ್ಭದಲ್ಲಿ ಇದು ಅತ್ಯುಪಯುಕ್ತ. ಸಾಮಾನ್ಯ ಹುಳುಕು ತಪಾಸಣೆಗೆ ಇದರ ಅಗತ್ಯವಿಲ್ಲ. ಯಂತ್ರ ಕೈಯಳತೆಯಲ್ಲಿದೆ ಎಂಬುದೇ ಚಿತ್ರ ತೆಗೆಯಲು ಕಾರಣವಾಗಬಾರದು. ಗರ್ಭಿಣಿಯರು ಆ ವಿಷಯವನ್ನು ಮುಂಚಿತವಾಗಿ ತಿಳಿಸತಕ್ಕದ್ದು.

ಎಕ್ಸ್-ರೇ ಉಪಕರಣ ಹೊಂದಿರುವ ಚಿಕಿತ್ಸಾಲಯಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಆನ್‌ಲೈನ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯುವುದು ಕಡ್ಡಾಯ. ಉಪಕರಣವು ಡಿಜಿಟಲ್ ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ.

ಶುಚಿತ್ವಕ್ಕೆ ಸಂಬಂಧಿಸಿದಂತೆ ಒಂದು ಸಣ್ಣ ಆದರೆ ಮಹತ್ವದ ವಿಷಯವಿದೆ. ಬಾಯಿಯೊಳಗಿಡುವ ಫಿಲ್ಮ್ ಒಬ್ಬ ರೋಗಿಗೆ ಒಮ್ಮೆ ಮಾತ್ರ ಬಳಕೆಯಾಗುತ್ತಿತ್ತು. ಸಂವೇದಕವಾದರೋ ಎಲ್ಲ ರೋಗಿಗಳಿಗೂ ಒಂದೇ. ಅದರೊಳಗೆ ವಿದ್ಯುನ್ಮಾನ ಭಾಗಗಳಿರುವುದರಿಂದ ಇತರ ಉಪಕರಣಗಳಂತೆ ಆಟೋಕ್ಲೇವ್‌ನಲ್ಲಿ ಹಬೆಯಿಂದ ಸಂಸ್ಕರಿಸಲು ಬರುವುದಿಲ್ಲ. ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಕವಚ ತೊಡಿಸುವುದು, ನಂತರ ಸೋಂಕುನಿವಾರಕದಿಂದ ಒರೆಸುವುದು ಮಾತ್ರ ಇರುವ ದಾರಿ. ಕವಚ ಬದಲಾಯಿತೇ ಎಂದು ಗಮನಿಸಲು ಯಾವ ತಾಂತ್ರಿಕ ಜ್ಞಾನವೂ ಬೇಕಾಗಿಲ್ಲ.

ಅಚ್ಚು, ಸ್ಕ್ಯಾನ್ ಮತ್ತು ಹಿರಿಯ ನಾಗರಿಕರ ಹಲ್ಲಿನ ಸೆಟ್ಟು

ಬಾಯಿಗೆ ಟ್ರೇ ತುಂಬ ಮೆತ್ತನೆಯ ಪದಾರ್ಥವನ್ನು ತುಂಬಿ ಅಚ್ಚು ತೆಗೆಯುವಾಗ ಉಬ್ಬಳಿಕೆ ಬಂದ ಅನುಭವ ಅನೇಕರಿಗಿದೆ. ಬಾಯಿಯೊಳಗೆ ಆಡಿಸುವ ಸ್ಕ್ಯಾನರ್ ಈ ಕಷ್ಟವನ್ನು ತಪ್ಪಿಸುತ್ತದೆ. ಒಂದೆರಡು ಹಲ್ಲುಗಳ ಕ್ಯಾಪ್, ಹಲ್ಲು ನೇರಗೊಳಿಸುವ ಪಾರದರ್ಶಕ ತಟ್ಟೆಗಳು ಮುಂತಾದವುಗಳಲ್ಲಿ ಸ್ಕ್ಯಾನರ್‌ನ ಅಳತೆ ನಂಬಲರ್ಹವಾಗಿದೆ. ಹಾಗೆಂದು ಒಂದೇ ದಿನದಲ್ಲಿ ಕ್ಯಾಪ್ ಎಂಬ ಭರವಸೆಯು ಎಲ್ಲೆಡೆ ಅನ್ವಯಿಸುವುದಿಲ್ಲ. ಅದಕ್ಕೆ ಕೊರೆಯುವ ಯಂತ್ರವೂ ಅದೇ ಕಟ್ಟಡದಲ್ಲಿರಬೇಕು. ಸ್ಕ್ಯಾನರ್ ಮಾತ್ರವಿರುವಲ್ಲಿ ಕಡತವು ಬೇರೆಡೆಯ ಪ್ರಯೋಗಾಲಯಕ್ಕೆ ಹೋಗಿ, ಕ್ಯಾಪ್ ಕೆಲವು ದಿನಗಳ ನಂತರ ಬರುತ್ತದೆ.

ಆದರೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಹಿರಿಯರ ಅಗತ್ಯ ಬೇರೆಯದೇ ಆಗಿದೆ. ಅವರಲ್ಲಿ ಹಲವರಿಗೆ ಬೇಕಾಗಿರುವುದು ಪೂರ್ಣ ದಂತಪಂಕ್ತಿ, ರೂಢಿಯ ಮಾತಿನಲ್ಲಿ ಹಲ್ಲಿನ ಸೆಟ್ಟು. ಸ್ಕ್ಯಾನರ್‌ನ ಸಾಮರ್ಥ್ಯ ಕುಂದುವುದು ಸರಿಯಾಗಿ ಇಲ್ಲಿಯೇ. ಸ್ಕ್ಯಾನರ್ ಸಣ್ಣ ಸಣ್ಣ ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ ಇಡೀ ಆಕಾರವನ್ನು ಕಟ್ಟುತ್ತದೆ. ಜೋಡಿಸಲು ಹಲ್ಲಿನ ಏಣು, ತಗ್ಗುಗಳಂತಹ ಗುರುತುಗಳು ಬೇಕು. ಹಲ್ಲೇ ಇಲ್ಲದ ಒಸಡು ನುಣುಪಾಗಿ, ಒದ್ದೆಯಾಗಿ, ಒತ್ತಿದಲ್ಲಿ ಜಗ್ಗುವಂತಿರುತ್ತದೆ. ಇದಲ್ಲದೆ, ಸೆಟ್ಟು ಬಾಯಲ್ಲಿ ನಿಲ್ಲಬೇಕಾದರೆ ಅದರ ಅಂಚು ತುಟಿ, ಕೆನ್ನೆ ಮತ್ತು ನಾಲಿಗೆಯ ಚಲನೆಗೆ ಹೊಂದಿಕೊಳ್ಳಬೇಕು. ಅನುಭವಿ ವೈದ್ಯರು ಬಿಸಿ ಮಾಡಿದ ಪದಾರ್ಥವನ್ನು ಅಂಚಿಗೆ ಹಚ್ಚಿ, ರೋಗಿಯಿಂದ ಬಾಯಿ ಆಡಿಸಿ, ಆ ಚಲನೆಯನ್ನೇ ಅಚ್ಚಿನಲ್ಲಿ ಹಿಡಿಯುತ್ತಾರೆ. ಕೇವಲ ನಿಶ್ಚಲ ಆಕಾರವನ್ನು ನೋಡುವ ಕ್ಯಾಮೆರಾಕ್ಕೆ ಇದು ಸುಲಭಸಾಧ್ಯವಲ್ಲ. ಆದ ಕಾರಣ ಅಚ್ಚು ತೆಗೆಯುವ ಚಿಕಿತ್ಸಾಲಯವನ್ನು ಹಿಂದುಳಿದಿದೆಯೆಂದು ಎಣಿಸುವುದು ತಪ್ಪಾಗುತ್ತದೆ. ಪೂರ್ಣ ಸೆಟ್ಟಿನ ವಿಷಯದಲ್ಲಿ ಕೈಚಳಕದ ಬೆಲೆ ಇನ್ನೂ ಇಳಿದಿಲ್ಲ.

ಡಿಜಿಟಲ್ ವಿಧಾನವು ಹಿರಿಯರಿಗೆ ನೆರವಾಗಬಲ್ಲದ್ದು ಅಚ್ಚಿನ ನಂತರದ ಹಂತಗಳಲ್ಲಿ. ಸಾಂಪ್ರದಾಯಿಕ ರೀತಿಯಲ್ಲಿ ಸೆಟ್ಟಿಗೆ ಸಾಮಾನ್ಯವಾಗಿ ಐದು ಭೇಟಿಗಳು ಬೇಕಾಗುತ್ತವೆ: ಪ್ರಾಥಮಿಕ ಅಚ್ಚು, ಅಂತಿಮ ಅಚ್ಚು, ದವಡೆಗಳ ಹೊಂದಾಣಿಕೆಯ ಅಳತೆ, ಮೇಣದ ಮೇಲಿನ ಪರೀಕ್ಷೆ ಮತ್ತು ಅಳವಡಿಕೆ. ತೆಗೆದ ಅಚ್ಚನ್ನೇ ಪ್ರಯೋಗಾಲಯದಲ್ಲಿ ಸ್ಕ್ಯಾನ್ ಮಾಡಿ, ಗಣಕಯಂತ್ರದಲ್ಲಿ ವಿನ್ಯಾಸಗೊಳಿಸಿ, ಕೊರೆದು ಅಥವಾ ಮುದ್ರಿಸಿ ತಯಾರಿಸಿದಲ್ಲಿ ಭೇಟಿಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಅದಕ್ಕಿಂತ ಮುಖ್ಯವಾದುದು ವಿನ್ಯಾಸದ ಕಡತ ಉಳಿಯುವುದು. ಪ್ರಯಾಣದಲ್ಲಿ ಕಳೆದುಹೋದ ಅಥವಾ ಕೈಜಾರಿ ಬಿದ್ದು ಒಡೆದ ಸೆಟ್ಟಿಗೆ ಬದಲಿಯನ್ನು ಮತ್ತೆ ಮೊದಲಿನಿಂದ ಅಚ್ಚು ತೆಗೆಯದೆ ತಯಾರಿಸಬಹುದು. ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆಯುವುದರಿಂದ ಹಳೆಯ ವಿನ್ಯಾಸ ಸದಾ ಹೊಂದುತ್ತದೆಂದು ಹೇಳಲಾಗದು. ಆದರೂ ಕೆಲವು ತಿಂಗಳಲ್ಲಿ ಸೆಟ್ಟು ಕಳೆದುಕೊಂಡವರಿಗೆ ಇದು ದೊಡ್ಡ ಆಸರೆ.

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯ ನಾಗರಿಕರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸುವ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರವು 2014-15ನೇ ಸಾಲಿನಲ್ಲಿ ಪ್ರಾರಂಭಿಸಿತು. ಸರ್ಕಾರಿ ಹಾಗೂ ಖಾಸಗಿ ದಂತ ವೈದ್ಯ ಕಾಲೇಜುಗಳ ಸಹಭಾಗಿತ್ವದಲ್ಲಿ ಇದನ್ನು ರೂಪಿಸಲಾಗಿದೆ. ಸಂಪಿಗೆ ರಸ್ತೆಯ ಸುತ್ತಲಿನ ನಿವಾಸಿಗಳಿಗೆ ಸಮೀಪದ ಸರ್ಕಾರಿ ಆಸ್ಪತ್ರೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ. ಸರ್ಕಾರಿ ದಂತ ವೈದ್ಯ ಕಾಲೇಜು ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ ದಾಟಿದ ನಂತರದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ತಲುಪಬಹುದು. 2017ರ ಜೂನ್‌ನಲ್ಲಿ ಈ ಭಾಗದ ಸಂಚಾರ ಆರಂಭವಾದ ಬಳಿಕ ಮೂರು ನಿಲ್ದಾಣಗಳ ಈ ಪ್ರಯಾಣ ವೃದ್ಧರಿಗೆ ಸುಲಭವಾಗಿದೆ. ಒಂದು ಸೆಟ್ಟಿಗಾಗಿ ಐದು ಬಾರಿ ಹೋಗಿಬರಬೇಕಾದವರಿಗೆ ಸ್ಕ್ಯಾನರ್‌ಗಿಂತ ಮೆಟ್ರೋವೇ ಹೆಚ್ಚಿನ ಉಪಕಾರ ಮಾಡಿರಬಹುದು. ಯೋಜನೆಯಡಿ ಅರ್ಜಿ ಸಲ್ಲಿಸುವವರು ಪಡಿತರ ಚೀಟಿ ಹಾಗೂ ವಯಸ್ಸಿನ ದಾಖಲೆಯೊಂದಿಗೆ ಹಿಂದಿನ ಎಕ್ಸ್-ರೇ ಇದ್ದಲ್ಲಿ ಅದನ್ನೂ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ತೆಗೆದುಕೊಂಡು ಹೋಗುವುದು ಸೂಕ್ತ.

ಆಭಾ ಸಂಖ್ಯೆ ಮತ್ತು ಗೋಪ್ಯತೆ

2021ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ನಾಗರಿಕರಿಗೆ 14 ಅಂಕಿಗಳ ಆಭಾ ಸಂಖ್ಯೆಯನ್ನು ನೀಡಲಾಗುತ್ತಿದೆ. ಇದನ್ನು ಪಡೆಯುವುದು ಸ್ವಯಂಪ್ರೇರಿತ. ದಾಖಲೆಯು ರೋಗಿಯ ಜೊತೆ ಸಾಗಬೇಕೆಂಬ ಉದ್ದೇಶಕ್ಕೆ ಅತ್ಯಂತ ಹತ್ತಿರದ ವ್ಯವಸ್ಥೆ ಇದಾಗಿದೆ. ಆದಾಗ್ಯೂ ಸಂಖ್ಯೆ ಪಡೆದ ಮಾತ್ರಕ್ಕೆ ಹಲ್ಲಿನ ಎಕ್ಸ್-ರೇ ತಾನಾಗಿಯೇ ಅದರಲ್ಲಿ ಸೇರ್ಪಡೆಗೊಳ್ಳುವುದಿಲ್ಲ. ಚಿಕಿತ್ಸಾಲಯವು ಮಿಷನ್‌ನ ಆರೋಗ್ಯ ಸಂಸ್ಥೆಗಳ ನೋಂದಣಿಯಲ್ಲಿ ಸೇರಿರಬೇಕು, ಅಲ್ಲಿ ಬಳಸುವ ತಂತ್ರಾಂಶವು ಮಿಷನ್‌ನೊಂದಿಗೆ ಬೆಸೆದಿರಬೇಕು, ರೋಗಿಯು ಒಪ್ಪಿಗೆ ನೀಡಿರಬೇಕು. ಒಬ್ಬಿಬ್ಬರು ವೈದ್ಯರು ನಡೆಸುವ ಸಣ್ಣ ಚಿಕಿತ್ಸಾಲಯಗಳಲ್ಲಿ ಈ ಕೊಂಡಿ ಏರ್ಪಡುವವರೆಗೆ ಪೆನ್ ಡ್ರೈವ್ ಮತ್ತು ಇ-ಮೇಲ್‌ಗಳನ್ನೇ ಅವಲಂಬಿಸಬೇಕಾಗುತ್ತದೆ.

ಸ್ಕ್ಯಾನ್ ಕಡತಗಳು ಪ್ರಯೋಗಾಲಯಗಳಿಗೆ ಅಂತರಜಾಲದ ಮೂಲಕ ರವಾನೆಯಾಗುವುದರಿಂದ ಗೋಪ್ಯತೆಯ ಪ್ರಶ್ನೆಯೂ ಉದ್ಭವಿಸುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು 2023ರಲ್ಲಿ ಅಂಗೀಕರಿಸಲಾಗಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಿ ಹಂತ ಹಂತವಾಗಿ ಜಾರಿಗೊಳಿಸಲು ಕಾಲಾವಕಾಶ ನೀಡಲಾಗಿದೆ. ಚಿಕಿತ್ಸೆಗೆ ಮುನ್ನ ಮತ್ತು ನಂತರ ತೆಗೆದ ಮುಖದ ಛಾಯಾಚಿತ್ರಗಳನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆ ಕೋರುವ ವಾಕ್ಯವು ಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿಯೇ ಸೇರಿರಬಹುದು. ಓದಿ ಸಹಿ ಮಾಡುವುದು ಕ್ಷೇಮ. ಚಿಕಿತ್ಸೆಗೆ ಒಪ್ಪಿ ಪ್ರಚಾರಕ್ಕೆ ಒಪ್ಪದಿರಲು ಅವಕಾಶವಿದೆ.

ಶುಲ್ಕ, ನೋಂದಣಿ ಮತ್ತು ದೂರು

ಉಪಕರಣಕ್ಕೆ ಹೂಡಿದ ಬಂಡವಾಳವು ಶುಲ್ಕದಲ್ಲಿ ಪ್ರತಿಫಲಿಸುವುದು ಸ್ವಾಭಾವಿಕ. ಆದರೆ ಯಾವ ಭಾಗಕ್ಕೆ ಎಷ್ಟು ಎಂಬುದನ್ನು ಮುಂಚಿತವಾಗಿ ತಿಳಿಯಲು ರೋಗಿ ಅರ್ಹರು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಪ್ತಿಗೆ ದಂತ ಚಿಕಿತ್ಸಾಲಯಗಳೂ ಒಳಪಡುತ್ತವೆ. ಅದರಂತೆ ನೋಂದಣಿ ಪಡೆಯುವುದು ಹಾಗೂ ಶುಲ್ಕಗಳ ವಿವರವನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸುವುದು ಸಂಸ್ಥೆಗಳ ಹೊಣೆ. ಜಿರ್ಕೋನಿಯಾ ಕ್ಯಾಪ್ ಅಳವಡಿಸಿಕೊಂಡವರಿಗೆ ಪ್ರಯೋಗಾಲಯವು ನೀಡುವ ಖಾತರಿ ಕಾರ್ಡನ್ನು ಚಿಕಿತ್ಸಾಲಯದಿಂದ ತಪ್ಪದೆ ಕೇಳಿ ಪಡೆಯಬೇಕು. ಕ್ಯಾಪ್ ಬಿರುಕುಬಿಟ್ಟಲ್ಲಿ ಬದಲಿ ಕೋರಲು ಅದರಲ್ಲಿರುವ ಸಂಖ್ಯೆ ಬೇಕಾಗುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಹುಳುಕನ್ನು ಬಣ್ಣದಿಂದ ಗುರುತಿಸಿ ತೋರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಳಕೆಗೆ ಬಂದಿವೆ. ಅವು ಸೂಚನೆ ನೀಡಬಲ್ಲವು. ಹಲ್ಲನ್ನು ಕೊರೆಯಬೇಕೇ ಎಂಬ ನಿರ್ಧಾರ ಹಾಗೂ ಅದರ ಹೊಣೆ ನೋಂದಾಯಿತ ದಂತವೈದ್ಯರದ್ದೇ. ಬಣ್ಣದ ಗುರುತಿನ ಆಧಾರದ ಮೇಲಷ್ಟೇ ದುಬಾರಿ ಚಿಕಿತ್ಸೆ ಸೂಚಿಸಿದಲ್ಲಿ, ಮೂಲ ಕಡತವನ್ನು ಪಡೆದು ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯಬಹುದು.

ದಾಖಲೆಯ ಪ್ರತಿ ನೀಡಲು ನಿರಾಕರಿಸಿದಲ್ಲಿ ಮೊದಲು ಚಿಕಿತ್ಸಾಲಯಕ್ಕೆ ಲಿಖಿತವಾಗಿ ಕೋರಿಕೆ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಖಾಸಗಿ ಸಂಸ್ಥೆಗಳ ವಿರುದ್ಧದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದಾಗಿದೆ. ವೈದ್ಯರ ವೃತ್ತಿಪರ ನಡತೆಗೆ ಸಂಬಂಧಿಸಿದ ದೂರುಗಳಿದ್ದಲ್ಲಿ ಅವರು ನೋಂದಣಿ ಹೊಂದಿರುವ ರಾಜ್ಯ ದಂತ ವೈದ್ಯ ಪರಿಷತ್ತಿಗೆ ಸಲ್ಲಿಸಬೇಕು. ದೂರಿನ ಜೊತೆ ಚಿಕಿತ್ಸೆಯ ದಿನಾಂಕ, ಹಲ್ಲಿನ ಸಂಖ್ಯೆ, ಬಿಲ್ಲುಗಳ ನಕಲು ಮತ್ತು ಮೇಲ್ಕಂಡ ಸ್ವೀಕೃತಿಯನ್ನು ಲಗತ್ತಿಸತಕ್ಕದ್ದು.